ಕೆಂಪು ಚೀಟಿ

ಚೌಕ ಕೆಂಪಾಯಿತು. ಅವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಕೈ ಒರೆಸಿಕೊಂಡು, ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕುಳಿತ. ದಿನಾ ಬೆಳಗ್ಗೆ ಶಟರ್ ಎತ್ತಿ, ಬಾಯ್ಲರಿಗೆ ನೀರು ಬಿಟ್ಟು, ಮೊದಲ ಅಂಗಿಯ ಕಾಲರು ಮುಗಿಸುವ ಹೊತ್ತಿಗೆ ಇದು ಆಗುತ್ತದೆ. ಬಾಗಿಲಿಂದಲೇ ಕಾಣುವ ಕಂಪ್ಯೂಟರಿನ ಪರದೆಯ ಮೇಲೆ ತಿಂಗಳಿಡೀ ದಿನಗಳ ಚೌಕಗಳು. ಆ ದಿನದ ಬೂದು ಚೌಕ ಒಂದು ಗಳಿಗೆ ಗಿರ್ರನೆ ತಿರುಗಿ ಕೆಂಪಾಗುತ್ತದೆ. ಆಮೇಲೆಯೇ ಅವನು ಅದನ್ನು ಒತ್ತಿ ಓದುವುದು. ಮುಂದಿನ ಬೂದು ಚೌಕಗಳನ್ನು ಮುಟ್ಟುವುದಿಲ್ಲ. ಹೋಟೆಲಿನಲ್ಲಿ ಕಾಫಿ ಎರಡು ನಿಮಿಷ ತಡವಾದರೆ ಎದ್ದು ಹೋಗುವವನು, ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಯವನ ಅಪ್ಪ ಅಜ್ಜಂದಿರನ್ನೆಲ್ಲ ವಿಚಾರಿಸುವವನು, ಇದೊಂದರಲ್ಲಿ ತಾಳ್ಮೆ ಕಲಿತಿದ್ದ. ಸತ್ತ ಹೆಂಡತಿ ದಿನಕ್ಕೊಂದು ಮಾತಾಡುತ್ತಾಳೆ. ನಾಳೆಯದನ್ನು ಇವತ್ತೇ ಕಿತ್ತುಕೊಂಡರೆ ನಾಳೆ ಸುಮ್ಮನಿರುತ್ತಾಳೆ.

ಹೆಚ್ಚಿನವು ಬಟ್ಟೆಯ ಮಾತುಗಳೇ. ಬಿಳಿ ಅಂಗಿ ಹಳದಿಯಾಗುವುದು ಸೋಪು ಪೂರ್ತಿ ಹೋಗದೆ ಉಳಿದದ್ದರಿಂದ, ಇನ್ನೊಂದು ಸಲ ಜಾಲಿಸಿ. ರಕ್ತದ ಕಲೆಗೆ ತಣ್ಣೀರು, ಬಿಸಿನೀರು ಬೇಡವೇ ಬೇಡ. (ಅದನ್ನು ಓದಿದ ದಿನ ಅವನು ಶಟರ್ ಅರ್ಧ ಇಳಿಸಿ ಕೂತಿದ್ದ, ಕೊನೆಕೊನೆಗೆ ಅವಳ ದಿಂಬಿನ ಹೊದಿಕೆಗಳನ್ನು ಅವಳೇ ಯಾರಿಗೂ ತೋರಿಸದೆ ತೊಳೆದುಕೊಳ್ಳುತ್ತಿದ್ದಳು.) ಕಲೆ ಬಿದ್ದಲ್ಲಿ ಉಜ್ಜಬೇಡಿ, ಒತ್ತಿ, ಉಜ್ಜಿದರೆ ಅಗಲವಾಗುತ್ತದೆ. ಇದು ತನಗೇ ಹೇಳಿದ್ದು ಅಂತ ಅವನಿಗೆ ಅನ್ನಿಸಿತ್ತು, ಅಲ್ಲವೂ ಅನ್ನಿಸಿತ್ತು. ಪ್ರತಿ ಚೌಕದಲ್ಲೂ ಅವನು ಹುಡುಕುತ್ತಿದ್ದದ್ದು ತನ್ನನ್ನೇ. ಒಂದು ಬೈಗುಳವಾದರೂ ಸಾಕಿತ್ತು. ಇವತ್ತು ಸಿಕ್ಕಿತು. “ಬಟ್ಟೆ ಕೊಡುವ ಮುಂಚೆ ಜೇಬು ನೋಡಿಕೊಳ್ಳಿ. ನಮ್ಮ ಯಜಮಾನರಿಗೆ ಸಿಟ್ಟು ಬರುತ್ತದೆ. ಆದರೆ ಸಿಟ್ಟು ಬಂದರೂ, ಜೇಬಲ್ಲಿ ಸಿಕ್ಕಿದ ಒಂದು ಗುಂಡಿಯನ್ನೂ ಅವರು ಬಿಸಾಡುವವರಲ್ಲ. ಪೊಟ್ಟಣ ಕಟ್ಟಿ ನಿಮ್ಮ ಹೆಸರು ಬರೆದು ಇಡುತ್ತಾರೆ. ಕೇಳಿ ಪಡೆಯಿರಿ. ಕೇಳುವಾಗ ಸ್ವಲ್ಪ ದೂರ ನಿಂತುಕೊಳ್ಳಿ.”

ಅವನು ಅದನ್ನು ಮತ್ತೆ ಓದಿದ. ಆಮೇಲೆ ನಗು ಬಂತು. ದೂರ ನಿಂತುಕೊಳ್ಳಬೇಕಂತೆ! ಊರಿಗೆಲ್ಲ ಸಾರಿಬಿಟ್ಟಳಲ್ಲ. ಸಾರಲಿ. ತಾನು ಒರಟ, ಬಾಯಿಬಡುಕ, ಹೆಂಡತಿಯನ್ನು ಗೋಳುಹೊಯ್ದುಕೊಂಡವನು ಅಂತ ಈ ಬೀದಿ ಮಾತಾಡಿಕೊಳ್ಳುವುದು ಅವನಿಗೆ ಗೊತ್ತಿತ್ತು. ಈಗ ಅವಳೇ ಹೇಳಿದ್ದಾಳೆ, ಬಿಸಾಡುವವನಲ್ಲ ಅಂತ. ಈ ಹೊತ್ತಿಗೆ ಎಷ್ಟೋ ಜನ ಅಂಗಡಿಯ ಪೇಜಿನಲ್ಲಿ, ತಮ್ಮ ತಮ್ಮ ಫೋನಿನಲ್ಲಿ ಓದಿರುತ್ತಾರೆ. ಅವನ ಫೋನು ಬರೀ ಮಾತಾಡುವ ಫೋನು, ಅದರಲ್ಲಿ ಪೇಜು ಗೀಜು ಕಾಣುವುದಿಲ್ಲ. ಬೇಕಾಗಿಯೂ ಇರಲಿಲ್ಲ. ಇಲ್ಲಿ, ಮೂಲದಲ್ಲೇ, ಅವನು ಕೂತು ನೋಡುತ್ತಿದ್ದನಲ್ಲ.

ಮೇಜಿನ ಕೆಳಗೆ ಆ ಹಳೇ ಕಂಪ್ಯೂಟರು ಗೊರಗುಟ್ಟುತ್ತಿತ್ತು. ಅದರ ನೆತ್ತಿಯ ಮೇಲೆ ಅವಳ ಕೈಬರಹ: ಆಫ್ ಮಾಡಬೇಡಿ. ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಲಿ, ಇಟ್ಟುಕೊಳ್ಳಲಿ ಅಂತ ಬಿಟ್ಟುಕೊಟ್ಟ ಸಾಫ್ಟ್‌ವೇರ್ ಅದರೊಳಗೆ ಕೂತಿದೆ ಅಂತ ಅವಳು ವಿವರಿಸಿದ್ದಳು. ಈಗ ಬರೆದಿಟ್ಟು, ದಿನ ಗೊತ್ತುಮಾಡಿದರೆ, ಆ ದಿನ ತಾನೇ ಪೇಜಿಗೆ ಹಾಕುತ್ತದೆ. “ಇದನ್ನೇ ಮಾಡಿಕೊಡೋ ಕಂಪನಿಗಳಿದಾವೆ ರೀ. ಆದ್ರೆ ನಮ್ಮ ಮಾತು ಅವರ ಮನೇಲಿ ಯಾಕೆ ಇಡಬೇಕು? ನಮ್ಮ ಡಬ್ಬೀಲಿ ನಮ್ಮ ಮಾತು ಇರ್ಲಿ” ಅಂದಿದ್ದಳು. ಅವಳ ತಮ್ಮ ಎರಡು ದಿನ ನೆಲದ ಮೇಲೆ ಕೂತು ಅದನ್ನು ಜೋಡಿಸಿಕೊಟ್ಟಿದ್ದ. ಕೂರಲಾಗದಂತಾದ ಮೇಲೂ ಅವಳು ಈ ಸ್ಟೂಲಿಗೆ ದಿಂಬು ಒತ್ತಿಕೊಂಡು ಕೂತು ಟೈಪು ಮಾಡುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಮಾತ್ರೆ ನುಂಗೋಕೆ ನೆನಪಿರಲ್ಲ, ಈ ಕರೆಂಟು ತಿನ್ನೋ ಡಬ್ಬಿ ಮುಂದೆ ಕೂರೋಕೆ ನೆನಪಿರುತ್ತೆ, ಅದರ ಜೊತೇಲೇ ಸಂಸಾರ ಮಾಡು ಹೋಗು. ಅವಳು ತಿರುಗದೆಯೇ, “ಅದು ಕೂಗಲ್ವಲ್ಲ ರೀ” ಅಂದಿದ್ದಳು. ಗಿರಾಕಿಯೊಬ್ಬ ಕೌಂಟರಿನಾಚೆ ಕಿಸಕ್ಕನೆ ನಕ್ಕಿದ್ದ. ನಕ್ಕವನ ಪ್ಯಾಂಟನ್ನು ಇವನು ಮೂರು ದಿನ ಬೇಕೆಂದೇ ರಾಶಿಯ ಅಡಿಯಲ್ಲಿಟ್ಟಿದ್ದ. ಅವಳು ತಾನು ಇಲ್ಲದ ದಿನಗಳಿಗೆ ಮಾತು ತುಂಬಿಸಿಡುತ್ತಿದ್ದಾಳೆ ಅಂತ ಯಾರಿಗೆ ಗೊತ್ತು? ಹೇಳಬಹುದಿತ್ತಲ್ಲ. ಹೇಳಿದ್ದರೆ ತಾನು ಏನನ್ನುತ್ತಿದ್ದೆ ಅನ್ನುವುದೂ ಅವನಿಗೆ ಗೊತ್ತಿತ್ತು.

ಟೀಚರಮ್ಮ ಬಂದರು. ಎದುರು ಬೀದಿಯ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು, ಬೂದು ಬಣ್ಣದ ಕೋಟೊಂದನ್ನು ಒಗೆಯಲು ಕೊಟ್ಟಿದ್ದರು. ಕೋಟು ತಯಾರಾಗಿ, ಗುಂಡಿಯ ತೂತಿಗೆ ಕೆಂಪು ಚೀಟಿ ಕಟ್ಟಿಸಿಕೊಂಡು ತಂತಿಯ ಮೇಲೆ ನೇತಾಡುತ್ತಿತ್ತು. ಅದು ಅವಳು ತಂದ ಪದ್ಧತಿ. ಬಂದ ಬಟ್ಟೆಗೆ ಬಿಳಿ ಚೀಟಿ, ಕೆಲಸ ಮುಗಿದದ್ದಕ್ಕೆ ಕೆಂಪು. ಸಾಲು ಬಟ್ಟೆಯ ನಡುವೆ ಕೆಂಪು ಎದ್ದು ಕಾಣುತ್ತದೆ, ನೀವು ಹುಡುಕುತ್ತಾ ಕೂಗಾಡುವುದು ತಪ್ಪುತ್ತದೆ ಅಂದಿದ್ದಳು. ಅವನು ಕೋಟು ಇಳಿಸಿ ಮಡಚುತ್ತಾ, ಯಾವತ್ತೂ ಇಲ್ಲದ ಸಲಿಗೆಯಿಂದ ಕೇಳಿದ, “ಇವತ್ತಿಂದು ನೋಡಿದ್ರಾ ಟೀಚರಮ್ಮ?”

“ಇವತ್ತಿಂದು ಏನು? ನಿನ್ನೆ ಫೋನ್ ಮಾಡಿದ್ರೆ ಯಾರೋ ಹೆಂಗಸು, ಇನ್ನೂ ಆಗಿಲ್ಲ, ನಾಳೆ ಬನ್ನಿ ಅಂದ್ಳು. ಹೊಸಬರನ್ನ ಇಟ್ಕೊಂಡಿದ್ದೀರಾ?”

“ಯಾವ ಹೆಂಗಸು? ಇಲ್ಲಿ ನಾನೊಬ್ಬನೇ ಇರೋದು. ಎಲ್ಲಿಗೋ ಮಾಡಿರ್ತೀರಿ. ಅದಲ್ಲ, ನಮ್ಮವಳು ಬರೆದಿರೋದು. ಪೇಜಲ್ಲಿ.”

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದರು. ತಪ್ಪು ಉತ್ತರ ಬರೆದ ಮಗುವನ್ನು ನೋಡುವ ಹಾಗೆ, ಸಿಟ್ಟಿಲ್ಲದೆ. “ಪೇಜಲ್ಲಿ ಏನೂ ಬರ್ತಿಲ್ವಲ್ಲಪ್ಪ. ಅವರು ಹೋದ ಮೇಲೆ ಸ್ವಲ್ಪ ದಿನ ಬಂತು, ನಾನೇ ನಿಮಗೆ ಹೇಳಿದ್ದೆ ನೋಡಿ, ಓದಿ ಅಳು ಬಂತು ಅಂತ. ಆಮೇಲೆ ನಿಂತೋಯ್ತು. ಅಂಗಡಿ ಮುಚ್ಚಿಬಿಟ್ರೇನೋ ಅಂದ್ಕೊಂಡಿದ್ದೆ ನಾನು.”

“ದಿನಾ ಬರ್ತಿದೆ.”

“ಇಲ್ಲಪ್ಪ.”

“ರೀ, ದಿನಾ ಬರ್ತಿದೆ ಅಂತೀನಿ! ನಾನು ಕಣ್ಣಾರೆ ನೋಡ್ತಿಲ್ವಾ? ನಿಮಗೆ ನೋಡೋಕೆ ಬರಲ್ಲ ಅಂದ್ರೆ ಅಂಗಡಿ ಯಾಕೆ ಮುಚ್ಚಿಸ್ತೀರಿ?” ಕೋಟಿನ ಪೊಟ್ಟಣ ಕೌಂಟರಿನ ಮೇಲೆ ದಡ್ಡನೆ ಬಿತ್ತು. ಟೀಚರಮ್ಮ ತಮ್ಮ ಫೋನು ತೆಗೆದು, ಬೆರಳಲ್ಲಿ ಎರಡು ಸಲ ಸವರಿ, ಅವನ ಮುಂದೆ ಹಿಡಿದರು. ಅವಳು ಹಾಕಿದ್ದ ಅಂಗಡಿಯ ಚಿತ್ರ ಇತ್ತು. ಅದರ ಕೆಳಗೆ, ಬರಹಗಳಲ್ಲೆಲ್ಲ ಮೇಲೆ, ಅವನು ಯಾವಾಗಲೋ ಓದಿದ್ದ ಉಣ್ಣೆಯ ಕೋಟಿನ ಮಾತು. ತಂತಿಯ ಹ್ಯಾಂಗರಿಗೆ ಹಾಕಬೇಡಿ, ಕೋಟಿಗೂ ಒಂದು ಹೆಗಲು ಬೇಕು. ಅದಕ್ಕಿಂತ ಹೊಸದು ಒಂದೂ ಇರಲಿಲ್ಲ. ಅದನ್ನು ಅವನು ಓದಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಈಗ ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಬಾಮೈದನಿಗೆ ಫೋನು ಮಾಡಬೇಕೆಂದರೆ ನಾಲಿಗೆ ಏಳುತ್ತಿರಲಿಲ್ಲ. ಮೊಬೈಲು ರಿಪೇರಿಯವನು, ಯಾವಾಗಲೂ ಕಿವಿಯ ಹಿಂದೆ ಸಣ್ಣ ಸ್ಕ್ರೂಡ್ರೈವರು ಸಿಕ್ಕಿಸಿಕೊಂಡಿರುವುದರಿಂದ ಎಲ್ಲರೂ ಅವನನ್ನು ಸ್ಕ್ರೂ ಅಂತಲೇ ಕರೆಯುವುದು. ಅವಳನ್ನು ಮಣ್ಣು ಮಾಡಿ ಬಂದ ದಿನ, ಒದ್ದೆ ಕಣ್ಣಲ್ಲೇ, “ಭಾವ, ಅಕ್ಕನ ಡಬ್ಬಿ ಒಂದ್ಸಲ ನೋಡಿ ಹೋಗ್ತೀನಿ, ಆಗಾಗ ನೋಡ್ತಿರಬೇಕಾಗುತ್ತೆ” ಅಂದಿದ್ದ. ಇವನು ಬಾಗಿಲಿಗೆ ಅಡ್ಡ ನಿಂತು, ಅದರ ಮೇಲೆ ಕೈ ಇಟ್ಟರೆ ಕೈ ಮುರೀತೀನಿ, ಅದರ ಚಟ ಹತ್ತಿಸಿ ಅವಳನ್ನ ನಿದ್ದೆಗೆಡಿಸಿ ಕೊಂದವನೇ ನೀನು ಅಂದಿದ್ದ. ಕೊಂದವನು. ಆ ಪದ ಅಷ್ಟು ಜನರ ನಡುವೆ ಬಿದ್ದು, ಯಾರೂ ಎತ್ತಿಕೊಳ್ಳದೆ ಅಲ್ಲೇ ಉಳಿದಿತ್ತು. ಈಗ ಫೋನು ಎತ್ತಿದ ಸ್ಕ್ರೂ “ಹೇಳಿ ಭಾವ” ಅಂದ, ನಿನ್ನೆ ತಾನೆ ಮಾತಾಡಿದ ಹಾಗೆ. ಅದಕ್ಕೇ ಇವನಿಗೆ ಹೆಚ್ಚು ಉರಿಯಿತು.

ಬಂದವನು ನೀರು ಕೂಡ ಕುಡಿಯದೆ ಸ್ಟೂಲಿನ ಮೇಲೆ ಕುಳಿತ. ಪರದೆಯನ್ನು ನೋಡಿದ. ತಿಂಗಳು ಹಿಂದಕ್ಕೆ ಸರಿಸಿದ, ಇನ್ನೂ ಹಿಂದಕ್ಕೆ. ಕೆಂಪು, ಕೆಂಪು, ಕೆಂಪು, ಆಮೇಲೆ ಹಸಿರು. ಕಿವಿಯ ಹಿಂದಿನ ಸ್ಕ್ರೂಡ್ರೈವರನ್ನು ತೆಗೆದು ಮೇಜಿನ ಮೇಲಿಟ್ಟ. “ಭಾವ, ಇಷ್ಟು ದಿನದಿಂದ ಇದನ್ನ ನೋಡ್ತಾನೇ ಇದ್ರಾ?”

“ದಿನಾ ನೋಡ್ತೀನಿ. ದಿನಾ ಹೋಗ್ತಿದೆ. ಆ ಟೀಚರಮ್ಮನ ಫೋನೇ ಕೆಟ್ಟಿದೆ.”

“ಕೆಂಪು ಅಂದ್ರೆ ಹೋಗಿಲ್ಲ ಅಂತ ಭಾವ. ಹೋಗಿದ್ರೆ ಹಸಿರು ಆಗುತ್ತೆ.”

“ಯಾವನು ಹೇಳಿದ್ದು? ನಮ್ಮಲ್ಲಿ ಕೆಂಪು ಅಂದ್ರೆ ಆಯ್ತು ಅಂತ. ಅವಳೇ ಮಾಡಿದ್ದು ಅದನ್ನ. ಮೊದಲು ಹಸಿರು ಇತ್ತು, ಆಮೇಲೆ ನಮ್ಮ ಚೀಟಿ ಹಾಗೆ ಕೆಂಪು ಮಾಡಿಟ್ಟಿದ್ದಾಳೆ.”

ಸ್ಕ್ರೂ ಭಾವನ ಮುಖ ನೋಡಲಿಲ್ಲ. “ಅದು ಅಂಗಡಿ ಚೀಟಿ, ಭಾವ. ಇದು ಮಾಡಿದವರಿಗೆ ನಮ್ಮ ಅಂಗಡಿ ಗೊತ್ತಿಲ್ಲ.”

ಅವನು ನಿಂತೇ ಇದ್ದ. ತಂತಿಯ ಮೇಲೆ ಸಾಲಾಗಿ ತೂಗುವ ಬಟ್ಟೆಗಳು ಬಾಗಿಲಿನಿಂದ ಕಾಣುತ್ತಿದ್ದವು, ಒಂದೊಂದರ ಎದೆಯ ಮೇಲೂ ಕೆಂಪು. ಅವನಿಗೆ ಹೆಮ್ಮೆಯಾಗಿತ್ತು, ಅಂಗಡಿಯ ಪದ್ಧತಿಯನ್ನು ಡಬ್ಬಿಗೂ ಕಲಿಸಿದ್ದಾಳೆ ಅಂತ. ಒಂದೊಂದು ಚೌಕ ಕೆಂಪಾದಾಗಲೂ, ಮುಗಿಸಿ ಕಳಿಸಿದ್ದೀನಿ ರೀ ಅಂತ ಅವಳು ಹೇಳಿದ ಹಾಗೆ ಕೇಳಿಸಿಕೊಂಡಿದ್ದ. ಅವಳು ಹೇಳುತ್ತಿದ್ದದ್ದು ಬೇರೆ. ಹೋಗ್ತಿಲ್ಲ ರೀ, ನೋಡಿ ರೀ, ಹೋಗ್ತಿಲ್ಲ. ದಿನಾ. ಇವನು ದಿನಾ ಸ್ಟೂಲು ಎಳೆದುಕೊಂಡು ಕೂತು, ತೃಪ್ತಿಯಿಂದ ಕಣ್ಣು ಒರೆಸಿಕೊಂಡು, ಎದ್ದು ಇಸ್ತ್ರಿಗೆ ಹೋಗಿದ್ದ. ಆಸ್ಪತ್ರೆಯಲ್ಲೂ ಹಾಗೇ ಅಲ್ಲವೇ? ಅವಳು ಏನೋ ಅನ್ನಲು ಬಾಯಿ ತೆರೆದಾಗ, ಸುಮ್ಮನೆ ಮಲಗು, ಮಾತಾಡಬೇಡ, ಸುಸ್ತಾಗುತ್ತೆ ಅಂತ ಗದರಿಸಿದ್ದ. ಪ್ರೀತಿಯಿಂದಲೇ ಗದರಿಸಿದ್ದು. ಅವನಿಗೆ ಪ್ರೀತಿಯೂ ಆ ಒಂದೇ ದನಿಯಲ್ಲಿ ಬರುತ್ತಿತ್ತು.

“ಇವತ್ತಿಂದು?” ಅಂದ. “ಇವತ್ತಿಂದು ಒಂದಾದ್ರೂ ಕಳಿಸು. ಬೇರೆ ಎಲ್ಲ ಹಾಳಾಗಿ ಹೋಗ್ಲಿ. ಇದೊಂದು ಹೋಗ್ಲಿ.”

ಸ್ಕ್ರೂ ಓದಿದ. ಆಮೇಲೆ ಅದೂ ಇದೂ ಒತ್ತಿದ. “ಡಬ್ಬಿ ನಮ್ಮದೇ ಭಾವ, ಸರಿಯಾಗೇ ಇದೆ ಪಾಪ, ದಿನಾ ಹೋಗಿ ಬಾಗಿಲು ತಟ್ಟಿ ವಾಪಸ್ ಬಂದಿದೆ. ಬಾಗಿಲು ಆ ಪೇಜಿನ ಕಂಪನೀದು. ಆಗಾಗ ಹೊಸದಾಗಿ ಒಳಗೆ ಹೋಗಿ ಅನುಮತಿ ಕೊಡಬೇಕು. ನಾನು ನೋಡ್ತೀನಿ ಅಂದಿದ್ದು ಅದನ್ನೇ.” ಅಷ್ಟು ಹೇಳಿ ನಿಲ್ಲಿಸಿದ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಇವನು ಜಗಳವಾಡಬಹುದಿತ್ತು. “ಪಾಸ್‌ವರ್ಡು ಡಬ್ಬೀಲೇ ಇದೆ. ಹೊಡೆದರೆ ಅಕ್ಕನ ಫೋನಿಗೆ ಒಂದು ಕೋಡ್ ಬರುತ್ತೆ. ಫೋನ್ ಕೊಡಿ.”

ಫೋನು ಇತ್ತು. ಸಿಮ್ಮು ಇರಲಿಲ್ಲ. ಅವಳು ಹೋದ ಮೇಲೆ ಅದು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅಮ್ಮ ಇದ್ದಾರಾ, ಕಿಟಕಿ ಪರದೆ ಆಯ್ತಾ, ಅಮ್ಮಂಗೆ ಕೊಡಿ. ಸತ್ತಿದ್ದಾಳೆ ಕಣ್ರೀ ಅಂತ ಒಬ್ಬಳಿಗೆ ಕಿರುಚಿ, ಆ ಹೆಂಗಸು ಆ ಕಡೆ ಬಿಕ್ಕತೊಡಗಿದಾಗ, ಅವನು ಸಿಮ್ಮನ್ನು ಕಿತ್ತು ಬಾಯ್ಲರಿನ ಕೆಳಗಿನ ಬೆಂಕಿಗೆ ಹಾಕಿದ್ದ. ಜೇಬಲ್ಲಿ ಸಿಕ್ಕ ಒಂದು ಗುಂಡಿಯನ್ನೂ ಬಿಸಾಡುವವನಲ್ಲ. “ಆ ನಂಬರು ನಿಲ್ಲಿಸಿಬಿಟ್ಟೆ” ಅಂದ. ಸ್ಕ್ರೂ ತನ್ನ ಫೋನಿನಿಂದ ಅಕ್ಕನ ನಂಬರಿಗೆ ಮಾಡಿದ. ರಿಂಗಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಹಲೋ” ಅಂತು ಹೆಂಗಸಿನ ದನಿ. ಹಿಂದೆ ಕೂಸೊಂದು ಅಳುತ್ತಿತ್ತು. ಸ್ಕ್ರೂ ಮಾತು ಶುರುಮಾಡುವುದರೊಳಗೆ ಅವನು ಫೋನು ಕಿತ್ತುಕೊಂಡ. ಡ್ರೈಕ್ಲೀನಿಂಗ್ ಅಂಗಡಿಯವನು ಅಂದ, ಇದು ನನ್ನ ಹೆಂಡತಿಯ ನಂಬರಾಗಿತ್ತು ಅಂದ.

“ಓಹೋ, ನೀವೇನಾ ಆ ಅಂಗಡಿಯೋರು!” ಅಂದಳು ಅವಳು. “ಎಷ್ಟು ದಿನದಿಂದ ಕಾಯ್ತಿದ್ದೆ ನಿಮಗೋಸ್ಕರ. ರೀ ಸ್ವಾಮಿ, ನಿಮ್ಮ ರಸೀತಿ ಮೇಲೆ ಈ ನಂಬರ್ ಯಾಕ್ರೀ ಇಟ್ಟಿದ್ದೀರಿ? ಬೆಳಗಾದ್ರೆ ಸೂಟ್ ಆಯ್ತಾ, ಕಂಬಳಿ ಆಯ್ತಾ. ಮೊದಮೊದಲು ರಾಂಗ್ ನಂಬರ್ ಅಂತಿದ್ದೆ. ಅಂದ್ರೆ ಜಗಳಕ್ಕೇ ಬರ್ತಾರೆ, ನಮ್ಮ ಸೂಟ್ ನುಂಗಿ ನೀರು ಕುಡಿದ್ರಾ ಅಂತ. ಈಗ ಇನ್ನೂ ಆಗಿಲ್ಲ, ನಾಳೆ ಬನ್ನಿ ಅಂತೀನಿ. ಬಾಯಿ ಮುಚ್ಚಿಕೊಂಡು ಇಡ್ತಾರೆ.”

ಸ್ಕ್ರೂ ತಲೆ ಬಗ್ಗಿಸಿಕೊಂಡು ನಗು ತಡೆದ. ಅವನು, “ಆಯ್ತಮ್ಮ, ತಪ್ಪಾಯ್ತು, ರಸೀತಿ ಬದಲಾಯಿಸ್ತೀನಿ. ಈಗ ನಿಮ್ಮ ಫೋನಿಗೊಂದು ಕೋಡ್ ಬರುತ್ತೆ. ಅದನ್ನ ಹೇಳಿಬಿಡಿ” ಅಂದ.

“ಕೋಡಾ? ಅದನ್ನ ಮಾತ್ರ ಕೇಳಬೇಡಿ. ಬ್ಯಾಂಕು ಖಾಲಿ ಮಾಡೋರು ಹೀಗೇ ಮಾತಾಡೋದು.”

“ನನ್ನ ಹೆಂಡತಿ ಬರೆದಿದ್ದು ಹೋಗ್ತಿಲ್ಲ ರೀ. ಅವಳು ಸತ್ತಿದ್ದಾಳೆ.”

“ನಮ್ಮ ಪಕ್ಕದ ಮನೆಯೋರಿಗೂ ಒಬ್ಬ ಹಂಗೇ ಅಂದಿದ್ದ, ತಾಯಿ ಸತ್ತೋಗಿದ್ದಾಳೆ ಅಂತ. ಯಾರಾದ್ರೂ ಸತ್ತೇ ಇರ್ತಾರೆ ನಿಮಗೆ.”

“ಭಾವ, ಮೆತ್ತಗೆ,” ಅಂತ ಸ್ಕ್ರೂ ಕೈ ಚಾಚಿದ. ಅಷ್ಟರಲ್ಲಿ ಅದು ಬಂದೇಬಿಟ್ಟಿತ್ತು, ಅದೇ ಹಳೆಯ ಸಿಟ್ಟು. ಏನಂದುಕೊಂಡಿದ್ದೀಯೇ ನನ್ನನ್ನ, ಕಳ್ಳ ಅಂದುಕೊಂಡಿದ್ದೀಯಾ, ಅವಳ ನಂಬರು ಇಟ್ಟುಕೊಳ್ಳೋಕೆ ನೀನ್ಯಾರೇ? ಬಾಯಿಂದ ಹೊರಟ ಒಂದೊಂದು ಮಾತೂ ಅವನಿಗೆ ಕಾಣುತ್ತಿತ್ತು, ಹಿಡಿಯಲಾಗುತ್ತಿರಲಿಲ್ಲ. ಕೂಸು ಜೋರಾಗಿ ಅತ್ತಿತು. ಲೈನು ಕಟ್ಟಾಯಿತು. ಮತ್ತೆ ಮಾಡಿದರೆ ಹೋಗಲಿಲ್ಲ. ಅವಳು ಸ್ಕ್ರೂನ ನಂಬರಿಗೆ ಬಾಗಿಲು ಹಾಕಿಕೊಂಡಿದ್ದಳು.

“ಒಂದು ನಿಮಿಷ,” ಅಂದ ಸ್ಕ್ರೂ. “ಒಂದೇ ಒಂದು ನಿಮಿಷ ಮೆತ್ತಗೆ ಮಾತಾಡಿದ್ರೆ ಆಗ್ತಿತ್ತು ಭಾವ.” ಇಷ್ಟು ವರ್ಷದಲ್ಲಿ ಅವನು ಭಾವನಿಗೆ ಎದುರಾಡಿದ್ದು ಅದೊಂದೇ ಮಾತು. ಕಂಪನಿಗೆ ಬರೆದು ಕೇಳಬಹುದು, ಸತ್ತದ್ದಕ್ಕೆ ಪ್ರಮಾಣಪತ್ರ ಕಳಿಸಿದರೆ ಪೇಜನ್ನೇ ಮುಚ್ಚಿದರೂ ಮುಚ್ಚಬಹುದು ಅಂದ. ಬೇಕಿದ್ದರೆ ಹೊಸ ಪೇಜು ಮಾಡಿಕೊಡುತ್ತೀನಿ, ಅದರಲ್ಲಿ ಎಲ್ಲ ಹೋಗುತ್ತವೆ ಅಂದ. ಅದನ್ನು ಯಾರು ನೋಡುತ್ತಾರೆ ಅಂತ ಇವನು ಕೇಳಿದ. “ಯಾರೂ ಇಲ್ಲ. ನಾನು ನೋಡ್ತೀನಿ” ಅಂದ ಸ್ಕ್ರೂ. ಹೋಗುವಾಗ ಸ್ಕ್ರೂಡ್ರೈವರನ್ನು ಮೇಜಿನ ಮೇಲೇ ಮರೆತ.

ಮಧ್ಯಾಹ್ನ ಅವನು ಉಣ್ಣಲಿಲ್ಲ. ಸ್ಕ್ರೂಡ್ರೈವರನ್ನು ಒಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಬಾಮೈದನ ಹೆಸರು ಬರೆದು ಡ್ರಾಯರಿನಲ್ಲಿಟ್ಟ. ಡ್ರಾಯರಿನ ತುಂಬಾ ಅಂಥ ಪೊಟ್ಟಣಗಳು. ಕಿವಿಯೋಲೆ, ಕೀಲಿಕೈ, ಯಾವುದೋ ಮಗುವಿನ ಗೋಲಿ. ಯಾರೂ ಕೇಳಲು ಬಂದಿರಲಿಲ್ಲ. ಬರುತ್ತಿದ್ದರು, ಇದೆ ಅಂತ ಗೊತ್ತಿದ್ದಿದ್ದರೆ. ಕೌಂಟರಿಗೆ ಗಿರಾಕಿಗಳು ಬಂದರು, ಬಟ್ಟೆ ಒಯ್ದರು. ಅವನು ಯಾರಿಗೂ ಕೂಗಲಿಲ್ಲ. ಮೈ ಸರಿಯಿಲ್ಲವಾ ಅಂತ ಒಬ್ಬ ಕೇಳಿದ. ನಮ್ಮವಳು ನಿಮಗೆಲ್ಲ ಒಂದು ಮಾತು ಬರೆದಿದ್ದಾಳೆ ಅಂತ ಹೇಳಲು ಬಾಯಿ ತೆಗೆದ ಅವನು, ತನ್ನ ಹೊಗಳಿಕೆಯನ್ನು ತಾನೇ ಸಾರುವುದು ಹೇಗೆ ಅಂತ ತಿಳಿಯದೆ, “ಗುಂಡಿ ಸಡಿಲ ಇತ್ತು, ಬಿಗಿ ಮಾಡಿದ್ದೀನಿ” ಅಂದ.

ಸಂಜೆಯ ಬಿಸಿಲು ಬಟ್ಟೆಗಳ ಸಾಲಿನ ಮೇಲೆ ಅಡ್ಡ ಬಿದ್ದಾಗ, ಅವನು ಅಂಗಡಿಯ ಹಳೇ ಲ್ಯಾಂಡ್‌ಲೈನಿನ ಮುಂದೆ ನಿಂತ. ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ, ಶಾಲೆಯಲ್ಲಿ ಮಗ್ಗಿ ಕಲಿತ ಹಾಗೆ. ತಾಯಿ, ಬೆಳಗ್ಗೆ ತಪ್ಪು ಮಾತಾಡಿದೆ. ಕೋಡ್ ಕೊಡದಿದ್ದರೂ ಚಿಂತೆಯಿಲ್ಲ, ನೀವೇ ಒಂದು ಸಲ ಅಂಗಡಿಗೆ ಬಂದು ಕಣ್ಣಾರೆ ನೋಡಿ. ನಮ್ಮವಳು ಏನು ಬರೆದಿದ್ದಾಳೆ ಓದಿ. ಆಮೇಲೆ ನಿಮ್ಮಿಷ್ಟ. ಮೆತ್ತಗೆ. ಒಂದೇ ಒಂದು ನಿಮಿಷ. ನಂಬರು ತಿರುಗಿಸಲು ರಸೀತಿ ನೋಡಬೇಕಾಗಿರಲಿಲ್ಲ. ರಿಂಗಾಯಿತು. ಎತ್ತಿದಳು. ಕೂಸು ಅಳುತ್ತಿರಲಿಲ್ಲ, ಮಲಗಿತ್ತೇನೋ. ದನಿ ಪಿಸುಮಾತಿನಷ್ಟೇ ಇತ್ತು, ದಿನವೆಲ್ಲ ದುಡಿದು ದಣಿದ ಹೆಂಗಸಿನ ದನಿ. ಇವನು ಉಸಿರು ಎಳೆದುಕೊಳ್ಳುವುದರೊಳಗೆ ಅವಳೇ ಅಂದಳು,

“ಡ್ರೈಕ್ಲೀನಿಂಗಾ? ಇನ್ನೂ ಆಗಿಲ್ಲ. ನಾಳೆ ಬನ್ನಿ.”

ಕೌಂಟರಿನ ಈ ತುದಿಯಲ್ಲಿ ನಿಂತು, ತಲೆ ಎತ್ತದೆ, ಬಿಳಿ ಚೀಟಿ ಕಟ್ಟುತ್ತಾ, ಎಷ್ಟು ವರ್ಷ ಈ ಮಾತನ್ನು ಅವನ ಹೆಂಡತಿ ಎಷ್ಟು ಜನಕ್ಕೆ ಹೇಳಿರಲಿಲ್ಲ. ಹಿಂದಿನ ಕೋಣೆಯಲ್ಲಿ ಡಬ್ಬಿ ಗೊರಗುಟ್ಟುತ್ತಿತ್ತು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನಿಜಕ್ಕೂ ಮರೆತಿರಲಿಲ್ಲ, ಆಡಿದರೆ ಇವಳು ಈ ನಂಬರಿಗೂ ಬಾಗಿಲು ಹಾಕಿಕೊಳ್ಳುತ್ತಾಳೆ ಅನ್ನಿಸಿತು.

“ಹಲೋ? ಕೇಳಿಸ್ತಾ? ನಾಳೆ ಬನ್ನಿ.”

“ಆಯ್ತಮ್ಮ,” ಅಂದ ಅವನು. ಆ ದನಿ ಅವನಿಗೇ ಗುರುತು ಸಿಗಲಿಲ್ಲ, ಅಷ್ಟು ಮೆತ್ತಗಿತ್ತು. “ಅವಸರ ಇಲ್ಲ. ನಾಳೆ ಮತ್ತೆ ಫೋನ್ ಮಾಡ್ತೀನಿ.”